ಸ್ವಂತ ಜಾಲತಾಣ ಕಟ್ಟುವ ತಂತ್ರಾಂಶಗಳು: ಇತಿಹಾಸ

ಕೋಡ್ ಬರೆಯಲು ಬಾರದವರೂ ತಮ್ಮದೊಂದು ಜಾಲತಾಣ ಮಾಡಿಕೊಳ್ಳಲು ನೆರವಾಗುವ ತಂತ್ರಾಂಶಗಳಿಗೆ ವೆಬ್‌ನಷ್ಟೇ ವಯಸ್ಸಾಗಿದೆ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಬರೆದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುತ್ತಲೇ ಅದೇ ಕಿಟಕಿಯಲ್ಲಿ ತಿದ್ದಬಹುದಿತ್ತು. 1993ರಲ್ಲಿ ಬಂದು ಮನೆಮಾತಾದ ಮೊಸಾಯಿಕ್ ಬ್ರೌಸರಿನಲ್ಲಿ ಈ ಸೌಲಭ್ಯ ಇರಲಿಲ್ಲ. ಬರೆಯಬೇಕೆಂದವರು ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಕೈಯಾರೆ ಟೈಪಿಸಿ, ಕಡತಗಳನ್ನು ಎಫ್‌ಟಿಪಿ ಮೂಲಕ ಸರ್ವರಿಗೆ ಏರಿಸಬೇಕಾಯಿತು.

ಈ ತೊಡಕನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಿಡಿಸಿದ್ದು ಜಿಯೋಸಿಟೀಸ್. ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ 1994ರಲ್ಲಿ ಅಮೆರಿಕದಲ್ಲಿ ಕಟ್ಟಿದ ಈ ಸೇವೆ ಪುಟಗಳನ್ನು ಬಡಾವಣೆಗಳಾಗಿ ವಿಂಗಡಿಸಿತ್ತು: ಸಿನಿಮಾ ಹುಚ್ಚಿನವರಿಗೆ ಹಾಲಿವುಡ್, ರಾಕ್ ಸಂಗೀತದವರಿಗೆ ಸನ್‌ಸೆಟ್‌ಸ್ಟ್ರಿಪ್, ವೈಜ್ಞಾನಿಕ ಕಥೆಗಳವರಿಗೆ ಏರಿಯಾ51. ಬಡಾವಣೆಯ ಹೆಸರು, ಅದರ ಮುಂದೆ ಮನೆ ನಂಬರು, ಇದೇ ತಾಣದ ವಿಳಾಸ. ಮಿನುಗುವ ಅಕ್ಷರ, ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಕುಣಿಯುವ ಚಿತ್ರ, ಭೇಟಿ ಎಣಿಸುವ ಕೌಂಟರ್ ಇಲ್ಲದ ಪುಟ ಸಿಗುವುದೇ ಅಪರೂಪವಾಗಿತ್ತು. ನೋಟಕ್ಕೆ ಅಬ್ಬರವಾದರೂ ಅವು ಒಂದರಂತೆ ಇನ್ನೊಂದು ಇರಲಿಲ್ಲ. ಯಾಹೂ 1999ರಲ್ಲಿ ಸುಮಾರು 360 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಇದನ್ನು ಕೊಂಡಿತು. ಬಳಕೆದಾರರು ಬರೆದದ್ದರ ಮೇಲೆ ತನಗೂ ಹಕ್ಕುಂಟು ಎಂಬರ್ಥದ ಷರತ್ತು ಸೇರಿಸಿದಾಗ ಪ್ರತಿಭಟನೆ ಎದ್ದು, ಯಾಹೂ ಹಿಂದೆ ಸರಿಯಬೇಕಾಯಿತು. 2009ರ ಅಕ್ಟೋಬರಿನಲ್ಲಿ ಜಪಾನಿನ ಶಾಖೆಯೊಂದನ್ನು ಬಿಟ್ಟು ಇಡೀ ಸೇವೆ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಕೊನೆಯ ತಿಂಗಳುಗಳಲ್ಲಿ ಇಳಿಸಿಟ್ಟುಕೊಂಡಷ್ಟು ಪುಟಗಳು ಉಳಿದವು.

ಇನ್ನೊಂದು ದಾರಿ, ಸ್ವಂತ ಕಂಪ್ಯೂಟರಿನಲ್ಲೇ ಪುಟ ರಚಿಸುವುದು. ಇದಕ್ಕೆಂದೇ ವರ್ಮೀರ್ ಕಂಪನಿ ರೂಪಿಸಿದ್ದ ಫ್ರಂಟ್‌ಪೇಜ್ ತಂತ್ರಾಂಶವನ್ನು ಮೈಕ್ರೋಸಾಫ್ಟ್ 1996ರಲ್ಲಿ ಕೊಂಡಿತು. ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ 1997ರಲ್ಲಿ ಬಂತು. ವರ್ಡ್ ಬಲ್ಲವರಿಗೆ ಫ್ರಂಟ್‌ಪೇಜ್ ಸಲೀಸಾಗಿತ್ತು. ಆದರೆ ಅದರ ಕೆಲವು ಸೌಲಭ್ಯಗಳು ಸರ್ವರಿನಲ್ಲಿ ಮೈಕ್ರೋಸಾಫ್ಟಿನ ವಿಶೇಷ ಸಾಧನಗಳಿಲ್ಲದೆ ನಡೆಯುತ್ತಿರಲಿಲ್ಲ.

1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಹೊರತಂದ ಬ್ಲಾಗರ್ ವಿನ್ಯಾಸದ ಗೋಜನ್ನೇ ತೆಗೆದುಹಾಕಿತು: ಚೌಕದಲ್ಲಿ ಬರೆದು ಗುಂಡಿ ಒತ್ತಿದರೆ ಮುಗಿಯಿತು. ಬರಹವನ್ನು ನಮ್ಮದೇ ಸರ್ವರಿಗೆ ಕಳಿಸುವ ಅನುಕೂಲವೂ ಅದರಲ್ಲಿತ್ತು; 2003ರಲ್ಲಿ ಅದನ್ನು ಕೊಂಡ ಗೂಗಲ್ 2010ರಲ್ಲಿ ಆ ಬಾಗಿಲು ಮುಚ್ಚಿತು. 2003ರ ಮೇ 27ರಂದು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಬಿಡುಗಡೆ ಮಾಡಿದ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ. 2004ರಲ್ಲಿ ಪ್ರತಿಸ್ಪರ್ಧಿ ಮೂವಬಲ್ ಟೈಪ್ ಪರವಾನಗಿ ನಿಯಮ ಬಿಗಿಗೊಳಿಸಿದಾಗ ಬಳಕೆದಾರರು ಸಾಲುಸಾಲಾಗಿ ಇತ್ತ ಬಂದರು. ವರ್ಡ್‌ಪ್ರೆಸ್ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಳ್ಳುವುದು ಬೇರೆ, 2005ರಲ್ಲಿ ಶುರುವಾದ ವರ್ಡ್‌ಪ್ರೆಸ್.ಕಾಂನಲ್ಲಿ ಖಾತೆ ತೆರೆಯುವುದು ಬೇರೆ. ಹೊಸಬರು ಇವತ್ತಿಗೂ ಇವೆರಡನ್ನು ಒಂದೇ ಎಂದುಕೊಳ್ಳುತ್ತಾರೆ.

ಕನ್ನಡದವರಿಗೆ ಅಡ್ಡಿ ಇದ್ದದ್ದು ಅಕ್ಷರದಲ್ಲಿ. ತಾಣ ಬಳಸಿದ ಫಾಂಟ್ ಓದುಗರ ಕಂಪ್ಯೂಟರಿನಲ್ಲಿಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತಿದ್ದವು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದು ಯೂನಿಕೋಡ್ ಕನ್ನಡ ಬಳಕೆಗೆ ಸಿಕ್ಕಮೇಲೆ, ಬ್ಲಾಗರ್, ವರ್ಡ್‌ಪ್ರೆಸ್‌ಗಳಲ್ಲಿ ಕನ್ನಡ ಬರಹ ಹುಲುಸಾಗಿ ಬೆಳೆಯಿತು.

ಪುಟದ ಭಾಗಗಳನ್ನು ಮೌಸಿನಿಂದ ಎಳೆದು ಜೋಡಿಸುವ ಸೇವೆಗಳೂ 2000ರ ದಶಕದವೇ. ಆಂಥನಿ ಕಸಲೇನಾ ವಿದ್ಯಾರ್ಥಿಯಾಗಿದ್ದಾಗ ಸ್ಕ್ವೇರ್‌ಸ್ಪೇಸ್ ಆರಂಭಿಸಿದರು; ವಿಕ್ಸ್ ಮತ್ತು ವೀಬ್ಲಿ 2006ರಲ್ಲಿ ಹುಟ್ಟಿದವು. ಮೊದಲು ಫ್ಲ್ಯಾಶ್ ನೆಚ್ಚಿಕೊಂಡಿದ್ದ ವಿಕ್ಸ್, ಐಫೋನಿನಲ್ಲಿ ಫ್ಲ್ಯಾಶ್ ನಡೆಯದಿದ್ದುದರಿಂದ 2012ರಲ್ಲಿ ಎಚ್‌ಟಿಎಂಎಲ್5ಗೆ ಹೊರಳಿತು. ಕಲಿಯಲು ಇವಕ್ಕಿಂತ ಸುಲಭವಾದವು ಕಡಿಮೆ. ಬಿಟ್ಟು ಹೋಗುವಾಗಿನ ಮಾತೇ ಬೇರೆ: ವರ್ಡ್‌ಪ್ರೆಸ್, ಬ್ಲಾಗರ್‌ಗಳಿಂದ ಬರಹಗಳೆಲ್ಲವನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು, ಸ್ಕ್ವೇರ್‌ಸ್ಪೇಸ್‌ನಿಂದ ಒಂದಷ್ಟು ಭಾಗ ಬರುತ್ತದೆ, ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಹಾಗೇ ಬೇರೆಡೆ ಒಯ್ಯಲಾಗದು. ಕಡತಗಳೆಲ್ಲ ಬಳಕೆದಾರರ ಬಳಿಯೇ ಉಳಿಯುವ ಜೆಕಿಲ್ (2008), ಹ್ಯೂಗೋ (2013) ಕೂಡ ಇವೆ. ಆದರೆ ಅವಕ್ಕೆ ಕಮಾಂಡ್ ಲೈನ್ ಬಳಸಲು ಬರಬೇಕು.