ತಿರುಗಿಸುವುದೂ ಬಿಡುವುದೂ

ಬೆಂಗಳೂರಿಗೆ ವಾಯವ್ಯದಲ್ಲಿ, ಹೆಸರಘಟ್ಟದ ದಾರಿಯಲ್ಲಿರುವ ಸೋಲದೇವನಹಳ್ಳಿಯು ಶಬ್ದಶಾಸ್ತ್ರದ ಚರ್ಚೆಗೆ ಎಡೆಕೊಟ್ಟೀತೆಂದು ಯಾರೂ ಎಣಿಸಲಾರರು. ಆದರೂ ಇಂಗ್ಲಿಷಿನ 'ಟರ್ನ್ ಆನ್' ಎಂಬ ನುಡಿಯು ಕನ್ನಡಿಗರ ಮನೆಗಳಿಗೆ ಬಂದ ಬಗೆಯನ್ನು ಅರಸಹೊರಟವರು ಈ ಊರನ್ನು ಹಾದೇ ಹೋಗಬೇಕು.

ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ತಡೆದು ಬೆಂಗಳೂರಿಗೆ ತರುವ ಕಾರ್ಯವು ಕೈಗೂಡಿತು. ಚಾಮರಾಜೇಂದ್ರ ಒಡೆಯರ ಹೆಸರನ್ನು ಅದಕ್ಕೆ ಇಡಲಾಯಿತು. ಕೆರೆಯ ನೀರು ಸೋಲದೇವನಹಳ್ಳಿಯವರೆಗೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತಿದ್ದಿತು. ಊರಾದರೋ ದಿಣ್ಣೆಯ ಮೇಲಿರುವುದು. ಆದುದರಿಂದ ಇಲ್ಲಿ ಉಗಿಯಂತ್ರಗಳನ್ನು ನಿಲ್ಲಿಸಿ ನೀರನ್ನು ಮಲ್ಲೇಶ್ವರದ ಕಡೆಗೆ ಒತ್ತಿ ಏರಿಸಿದರು. 1896ರಿಂದ ನಗರದಲ್ಲಿ ಕೊಳಾಯಿಯ ನೀರು ಬಳಕೆಗೆ ಬಂದಿತು.

'ಟರ್ನ್' ಎಂಬುದರ ಮೂಲ ದೂರದ್ದು. ಗ್ರೀಕರ 'ಟೋರ್ನೋಸ್' ಎಂದರೆ ಚನ್ನಪಟ್ಟಣದ ಬೊಂಬೆಗಾರರು ಮರ ಕಡೆಯುವಂಥ ಸಾಧನ. ಅದರಿಂದ ಲ್ಯಾಟಿನಿನ 'ಟೋರ್ನಾರೆ', ಅದರಿಂದ ಇಂಗ್ಲಿಷಿನ ಮಾತು. 'ಟರ್ನ್ ಆಫ್' ಎಂದರೆ ಹಿಂದೆ ಆಳನ್ನು ಕೆಲಸದಿಂದ ತೆಗೆದುಹಾಕುವುದು ಎಂಬರ್ಥವೂ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನೀರಿನ ಕೊಳವೆಗಳೂ ಅನಿಲದ ದೀಪಗಳೂ ಆ ನಾಡಿನ ಮನೆಗಳನ್ನು ಹೊಕ್ಕಾಗ, ಬಿರಡೆಯನ್ನು ತಿರುಗಿಸಿ ಹರಿಯಗೊಡುವುದು 'ಟರ್ನ್ ಆನ್' ಆಯಿತು, ತಿರುಗಿಸಿ ತಡೆಯುವುದು 'ಟರ್ನ್ ಆಫ್' ಆಯಿತು. ವಿದ್ಯುತ್ತಿನ ಮೊದಲ ಗುಂಡಿಗಳೂ ತಿರುಗಿಸುವಂಥವೇ ಆಗಿದ್ದುದರಿಂದ ಮಾತು ಹಾಗೆಯೇ ನಿಂತಿತು. ಇಂದು ಗುಂಡಿಯನ್ನು ಒತ್ತುವವನೂ ಬಾಯಲ್ಲಿ ತಿರುಗಿಸುತ್ತಲೇ ಇದ್ದಾನೆ!

ಕನ್ನಡದಲ್ಲಿ ನೀರಿನ ಮಾತುಗಳು ಕೆರೆಯಿಂದ ಹುಟ್ಟಿದವು. ಏತದಲ್ಲಿ ನೀರೆತ್ತುವರು, ಕಪಿಲೆ ಹೊಡೆಯುವರು, ನೀರುಗಂಟಿಯು ತೂಬೆತ್ತಿ ಗದ್ದೆಗೆ ನೀರು ಬಿಡುವನು. ಇಲ್ಲಿ ತಿರುಗಿಸುವ ಮಾತೇ ಇಲ್ಲ. ಕೊಳಾಯಿ ಬಂದಾಗ ಹೆಸರುಗಳಿಗೆ ಕೊರತೆಯಾಗಲಿಲ್ಲ. 'ಕೊಳಾಯಿ' ತಮಿಳಿನ 'ಕುೞಾಯ್' ಎಂಬುದರ ನಂಟು. 'ನಲ್ಲಿ' ಸಂಸ್ಕೃತದ 'ನಾಲ'ದ ಬಳಗ. ಕ್ರಿಯಾಪದವನ್ನು ಮಾತ್ರ ಜನರು ಎರವಲು ತರಲಿಲ್ಲ. 'ನಲ್ಲಿ ತಿರುಗಿಸು' ಎಂದರೂ, ನೀರಿಗೆ 'ಬಿಡು', 'ನಿಲ್ಲಿಸು' ಎಂಬ ತೂಬಿನ ಕಾಲದ ಮಾತುಗಳೇ ಉಳಿದವು. ಇಂಗ್ಲಿಷಿನಲ್ಲಿ ಕ್ರಿಯೆಯ ಹಿಂದೆ ಒಂದು ಅವ್ಯಯ ಬಂದು ಅರ್ಥವನ್ನು ತಿರುವಿದರೆ, ಕನ್ನಡದಲ್ಲಿ ಆ ಕೆಲಸವನ್ನು ಇನ್ನೊಂದು ಕ್ರಿಯೆಯೇ ಮಾಡುವುದು: ಹೋಗಿಬಿಡು, ಬತ್ತಿಹೋಗು, ಎತ್ತಿಹಾಕು. ಕಿಟ್ಟೆಲ್ ಅವರ ದೊಡ್ಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ 1894ರಲ್ಲಿ ಎಂಬುದು ಒಂದು ಸೋಜಿಗ.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ ಮೇಲೆ ಕತೆ ಬೇರೆಯಾಯಿತು. 'ದೀಪ ಹಾಕು', 'ದೀಪ ಆರಿಸು' ಎಂಬವುಗಳ ಬದಿಗೆ, ಕಾಲಕ್ರಮದಲ್ಲಿ 'ಆನ್ ಮಾಡು', 'ಆಫ್ ಮಾಡು' ಎಂಬವು ಬಂದು ಕುಳಿತವು. ಇಂಗ್ಲಿಷಿನ ಮುಖ್ಯ ಕ್ರಿಯೆಯನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಅದರ ಬಾಲವನ್ನಷ್ಟೇ ಒಳಗೆ ಕರೆದು, 'ಮಾಡು' ಎಂಬ ಮನೆಯ ಆಳನ್ನು ಅದರ ಜೊತೆಗೆ ಕೊಟ್ಟರು. ಪಂಡಿತರು ಇದನ್ನು ಹಳಿಯುವುದುಂಟು. ಆದರೆ ಹೀಗೆ ಕತ್ತರಿಸಿ ಜೋಡಿಸುವುದಕ್ಕೂ ಭಾಷೆಗೆ ಕಸುವು ಬೇಕು. ಚಿಂತಿಸಬೇಕಾದದ್ದು ಬೇರೆ: ತೂಬು, ಏತ, ಕಪಿಲೆಗಳೊಡನೆ ಹೋಗುವ ಮಾತುಗಳನ್ನು ಯಾರೂ ಎಣಿಸುತ್ತಿಲ್ಲ.

ಹೆಸರಘಟ್ಟದ ಕೆರೆಯೂ ನಂಬುಗೆಯದಾಗಿ ಉಳಿಯಲಿಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. 1974ರಲ್ಲಿ ಕಾವೇರಿಯೇ ಬಂದಳು. 'ಟರ್ನ್ ಆನ್' ಎಂಬ ಮಾತು ತಿರುಗಿಸಿದ ಕೈಗೆ ನೀರು ಸಿದ್ಧವಾಗಿದೆಯೆಂದು ಮೊದಲೇ ನಂಬಿಕೊಂಡಿರುವುದು. ಕನ್ನಡದ ಮಾತಿಗೆ ಆ ಭರವಸೆಯಿಲ್ಲ. ಬೆಂಗಳೂರಿನ ಅನೇಕ ಬೀದಿಗಳಲ್ಲಿ ಇಂದಿಗೂ ವಾಲ್ವ್‌ಮನ್ ಎಂಬಾತನು ಉದ್ದನೆಯ ಕಬ್ಬಿಣದ ಕೀಲಿಯನ್ನು ನೆಲದ ಗುಂಡಿಗಿಳಿಸಿ, ನಿಜವಾಗಿಯೂ ತಿರುಗಿಸುವನು. ಬಿಂದಿಗೆ ಹಿಡಿದು ಕಾದಿರುವ ಹೆಂಗಸರು ಮಾತ್ರ, "ನೀರು ಬಿಟ್ಟರು" ಎನ್ನುವರು.