ಸ್ನಾಯುವೆಂಬ ಶಬ್ದದ ಚರಿತ್ರೆ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮನುಷ್ಯದೇಹಕ್ಕೆ ಸ್ನಾಯುಗಳು ೯೦೦ ಎಂದು ಹೇಳಿದೆ. ಈ ಮಾತನ್ನು ಕನ್ನಡಿಗನೊಬ್ಬನು ಇಂದು ಓದಿದರೆ, ಶಾಲೆಯ ವಿಜ್ಞಾನಪಾಠದ ಬಲದಿಂದ, ಕೈಕಾಲುಗಳನ್ನು ಆಡಿಸುವ ಮಾಂಸಖಂಡಗಳೇ ಇವೆಂದು ತಿಳಿಯುವನು. ವಂಗದೇಶೀಯನು ಓದಿದರೆ, ಮೆದುಳಿಗೂ ಅವಯವಗಳಿಗೂ ನಡುವೆ ವಾರ್ತೆಯನ್ನು ಒಯ್ಯುವ ತಂತುಗಳೆಂದು ತಿಳಿಯುವನು. ಆ ಭಾಷೆಯಲ್ಲಿ ಸ್ನಾಯುವೆಂದರೆ ನಾವು ನರವೆನ್ನುವ ವಸ್ತು. ಮಹಾರಾಷ್ಟ್ರದವನು ನಮ್ಮ ಪಕ್ಷಕ್ಕೆ ಸೇರುವನು. ಶಬ್ದವೊಂದೇ, ವಾಕ್ಯವೊಂದೇ, ಅರ್ಥ ಮಾತ್ರ ಪ್ರಾಂತಕ್ಕೊಂದು. ಇವರಲ್ಲಿ ಯಾರಿಗೂ ಸುಶ್ರುತನ ಅಭಿಪ್ರಾಯವು ಸಿಕ್ಕಲಿಲ್ಲವೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಸುಶ್ರುತನು ಮಾಂಸಖಂಡಗಳಿಗೆ ಪೇಶಿಗಳೆಂಬ ಬೇರೆ ಹೆಸರನ್ನಿಟ್ಟು, ಅವು ೫೦೦ ಎಂದು ಬೇರೆಯಾಗಿಯೇ ಎಣಿಸಿರುವನು. ಆದುದರಿಂದ ಸ್ನಾಯುವು ಮಾಂಸಖಂಡವಲ್ಲ. ಮತ್ತೇನು? ಹಲಗೆಗಳನ್ನು ಹಲವು ಬಂಧಗಳಿಂದ ಬಿಗಿದು ಮಾಡಿದ ದೋಣಿಯು ನೀರಿನಲ್ಲಿ ಹೇಗೆ ಭಾರವನ್ನು ಹೊರುವುದೋ, ಹಾಗೆಯೇ ಸ್ನಾಯುಗಳಿಂದ ಬಿಗಿಯಲ್ಪಟ್ಟ ಸಂಧಿಗಳಿಂದ ಮನುಷ್ಯನು ಭಾರವನ್ನು ಸಹಿಸುವನೆಂದು ಅವನೇ ಉಪಮಾನವನ್ನು ಕೊಟ್ಟಿದ್ದಾನೆ. ಹಲಗೆಗಳು ಎಲುಬುಗಳು, ಕಟ್ಟಿದ ಹುರಿ ಸ್ನಾಯು. ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಸೂತ್ರಸ್ಥಾನದಲ್ಲಿದೆ. ಗಾಯವನ್ನು ಹೊಲಿಯಲು ಯಾವ ಯಾವ ದಾರಗಳು ತಕ್ಕವೆಂದು ಹೇಳುವಲ್ಲಿ ಸಣ್ಣ ನೂಲು, ಸೆಣಬು, ಕೂದಲು ಮೊದಲಾದವುಗಳ ಸಾಲಿನಲ್ಲಿ ಸ್ನಾಯುವೂ ಸೇರಿದೆ. ಮಾಂಸಖಂಡದಿಂದ ಯಾರೂ ಹೊಲಿಯಲಾರರು. ಪ್ರಾಣಿಗಳ ದೇಹದಿಂದ ತೆಗೆದು ಒಣಗಿಸಿದ ಗಟ್ಟಿಯಾದ ನಾರೇ ಅಲ್ಲಿ ವಿವಕ್ಷಿತವೆಂಬುದು ಸ್ಪಷ್ಟ.

ಹಾಗೆಂದು ಅದನ್ನು ಸಂಧಿಬಂಧನವೆಂಬ ಒಂದೇ ಮಾತಿನಲ್ಲಿ ಮುಗಿಸುವಂತೆಯೂ ಇಲ್ಲ. ಸುಶ್ರುತನು ನಾಲ್ಕು ಬಗೆಯ ಸ್ನಾಯುಗಳನ್ನು ಹೇಳುತ್ತಾನೆ: ಕವಲೊಡೆದವು, ದುಂಡಾದವು, ಅಗಲವಾದವು, ಟೊಳ್ಳಾದವು. ದುಂಡಾದವುಗಳಿಗೆ ಕಂಡರೆಗಳೆಂದು ಹೆಸರು. ಹಿಮ್ಮಡಿಯ ಮೇಲೆ ಕೈಗೆ ಸಿಕ್ಕುವ ಗಟ್ಟಿ ಹುರಿಯಂಥವು ಇವು. ಅಗಲವಾದವು ಎದೆ, ಬೆನ್ನು, ತಲೆಗಳಲ್ಲಿರುವುವು. ಟೊಳ್ಳಾದವು ಆಮಾಶಯ, ಪಕ್ವಾಶಯ, ಬಸ್ತಿಗಳ ಕೊನೆಯಲ್ಲಿರುವುವು. ಇವನ್ನು ಇಂದಿನ ಯಾವ ಹೆಸರಿನ ಕೆಳಗೂ ಸುಲಭವಾಗಿ ಕೂಡಿಸಲಾಗದು. ದೇಹದಲ್ಲಿ ಬಿಗಿಯುವ ಕೆಲಸವನ್ನು ಮಾಡುವುದೆಲ್ಲವನ್ನೂ ಅವನು ಒಂದು ವರ್ಗವಾಗಿ ಕಂಡನೆಂದು ನನಗೆ ತೋರುತ್ತದೆ.

ಈ ಶಬ್ದಕ್ಕೆ ದೂರದ ಬಂಧುಗಳುಂಟು. ವೇದದ ಸ್ನಾವನ್ ಎಂಬ ರೂಪ, ಗ್ರೀಕರ ನ್ಯೂರಾನ್, ಲ್ಯಾಟಿನ್ನಿನ ನರ್ವಸ್ ಇವೆಲ್ಲ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುತ್ತಾರೆ. ಗ್ರೀಕರಲ್ಲಿಯೂ ನ್ಯೂರಾನ್ ಎಂದರೆ ಮೊದಲು ನಾರು, ಬಿಲ್ಲಿನ ಹೆದೆ. ಕ್ರಿ. ಪೂ. ೩ನೆಯ ಶತಮಾನದ ಆದಿಯಲ್ಲಿ ಅಲೆಕ್ಸಾಂಡ್ರಿಯಾ ನಗರದ ಹೀರೋಫಿಲಸ್, ಎರಾಸಿಸ್ಟ್ರಾಟಸ್ ಎಂಬ ವೈದ್ಯರು ಶವಗಳನ್ನು ಛೇದಿಸಿ ನೋಡಿ, ಮೆದುಳಿನೊಡನೆ ಸಂಬಂಧವುಳ್ಳ ಬಿಳಿಯ ತಂತುಗಳನ್ನು ಗುರುತಿಸಿದರು. ನೋಡಲು ಅವೂ ನಾರಿನಂತೆಯೇ ಇದ್ದುದರಿಂದ ಹಳೆಯ ಹೆಸರೇ ಅವಕ್ಕೂ ಅಂಟಿಕೊಂಡಿತು. ಕಾಲಕ್ರಮದಲ್ಲಿ ಹೊಸ ಅರ್ಥವು ಮನೆಯ ಯಜಮಾನನಾಗಿ ಹಳೆಯದು ಹೊರಬಿದ್ದಿತು. ಆದರೂ ಹಾಳೆಯಂತೆ ಅಗಲವಾದ ನಾರಿನ ಪದರಕ್ಕೆ ಇಂಗ್ಲಿಷ್ ವೈದ್ಯರು ಇಂದಿಗೂ ಅಪೊನ್ಯೂರೋಸಿಸ್ ಎನ್ನುವರು. ಅಲ್ಲಿ ಹಳೆಯ ಅರ್ಥವು ಮೂಲೆಯಲ್ಲಿ ಕುಳಿತಿದೆ.

ನಮ್ಮ ನರವೆಂಬ ಶಬ್ದವು ಈ ವಂಶದ್ದಲ್ಲ, ಅಚ್ಚ ದ್ರಾವಿಡ. ಆದರೆ ನಡೆದ ದಾರಿ ಒಂದೇ. ತಮಿಳಿನ ನರಂಬು ಯಾಳೆಂಬ ವಾದ್ಯದ ತಂತಿಯೂ ಹೌದು. ನಮ್ಮ ಮನೆಗಳಲ್ಲಿ ಮುದುಕರ ಕೈಯಲ್ಲಿ ನರ ಉಬ್ಬಿದೆ ಎಂದರೆ ರಕ್ತನಾಳ, ಕತ್ತಿನ ನರ ಹಿಡಿದುಕೊಂಡಿತು ಎಂದರೆ ನಾರೋ ಮಾಂಸವೋ, ನರದೌರ್ಬಲ್ಯವೆಂದರೆ ಮೂರನೆಯದು. ಆಡುವವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಪುಸ್ತಕ ಬರೆಯುವವರಿಗೆ ಮಾತ್ರ ತೊಡಕು.

ಧಮನಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಧ್ಮಾ ಎಂಬ ಧಾತುವಿಗೆ ಊದುವುದೆಂದು ಅರ್ಥ. ಶಂಖವನ್ನು ಊದುವುದಕ್ಕೂ ಬೆಂಕಿಯನ್ನು ಊದುವುದಕ್ಕೂ ಅದೇ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅಕ್ಕಸಾಲಿಗೆ ನಾಡಿಂಧಮನೆಂಬ ಹೆಸರುಂಟೆಂದು ನೆನಪಿರಬಹುದು: ಊದುಗೊಳವೆಯನ್ನು ಊದುವವನು. ಚರಕನು ಸಹ ಸೂತ್ರಸ್ಥಾನದ ೩೦ನೆಯ ಅಧ್ಯಾಯದಲ್ಲಿ ಧಮನಿಯ ಹೆಸರನ್ನು ಈ ಧಾತುವಿನಿಂದಲೇ ಬಿಡಿಸಿರುವನು. ಗ್ರೀಕರ ಆರ್ಟೀರಿಯಾ ಎಂಬುದು ಕೂಡ ಮೊದಲು ಶ್ವಾಸನಾಳದ ಹೆಸರು. ಸತ್ತ ದೇಹದಲ್ಲಿ ಆ ನಾಳಗಳು ಬರಿದಾಗಿ ಕಾಣುತ್ತಿದ್ದುದರಿಂದ ಅವುಗಳಲ್ಲಿ ಹರಿಯುವುದು ವಾಯುವೆಂದು ಪ್ರಾಕ್ಸಾಗೊರಾಸನೂ ಎರಾಸಿಸ್ಟ್ರಾಟಸನೂ ನಂಬಿದ್ದರು. ಕ್ರಿ. ಶ. ೨ನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಜೀವವಿರುವ ಪ್ರಾಣಿಯ ನಾಳವನ್ನು ಎರಡು ಕಡೆ ಕಟ್ಟಿ ನಡುವೆ ಸೀಳಿ, ಒಳಗಿರುವುದು ರಕ್ತವೆಂದು ತೋರಿಸಿದನು. ರಕ್ತವು ಹೃದಯದಿಂದ ಹೊರಟು ಮರಳಿ ಅಲ್ಲಿಗೇ ಬರುವುದೆಂದು ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದನು. ಗಾಳಿಯು ಹೋಯಿತು, ಹೆಸರು ಹೋಗಲಿಲ್ಲ.

ಆದರೆ ಸುಶ್ರುತನ ಧಮನಿಯನ್ನು ಇಂದಿನ ಧಮನಿಯೊಡನೆ ಸಮೀಕರಿಸುವುದು ಸಲ್ಲದು. ಅವನ ಧಮನಿಗಳು ೨೪, ಹುಟ್ಟುವುದು ನಾಭಿಯಲ್ಲಿ. ಮೇಲಕ್ಕೆ ಹೋಗುವ ೧೦ ಧಮನಿಗಳು ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳನ್ನೂ ಉಚ್ಛ್ವಾಸನಿಃಶ್ವಾಸಗಳನ್ನೂ ಒಯ್ಯುವುವು. ಇದರಲ್ಲಿ ಇಂದಿನವರು ನರಕ್ಕೆ ಕೊಡುವ ಕೆಲಸವೂ ಸೇರಿಹೋಗಿದೆ. ಸಿರೆ, ಧಮನಿ, ಸ್ರೋತಸ್ಸುಗಳು ಒಂದೇ ಎನ್ನುವವರ ವಾದವನ್ನು ಎತ್ತಿ ಸುಶ್ರುತನೇ ಖಂಡಿಸಿರುವನು. ಅಮರಸಿಂಹನಾದರೋ ನಾಡಿ, ಧಮನಿ, ಸಿರೆಗಳನ್ನು ಪರ್ಯಾಯಗಳೆಂದು ಒಟ್ಟಿಗೆ ಕಟ್ಟಿದನು. ಕೋಶಕಾರನಿಗೆ ಅದು ಸಾಕು, ಶಸ್ತ್ರವೈದ್ಯನಿಗೆ ಸಾಲದು.

೧೯ನೆಯ ಶತಮಾನದಲ್ಲಿ ಐರೋಪ್ಯ ಶಾರೀರಶಾಸ್ತ್ರವು ಬಂದಾಗ ಹೆಸರುಗಳ ಹುಡುಕಾಟ ಮೊದಲಾಯಿತು. ೧೮೩೫ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜು ಸ್ಥಾಪಿತವಾಯಿತು. ಅಲ್ಲಿದ್ದ ಪಂಡಿತ ಮಧುಸೂದನ ಗುಪ್ತರು ಇಂಗ್ಲಿಷಿನ ಅಂಗರಚನಾಗ್ರಂಥವೊಂದನ್ನು ಸಂಸ್ಕೃತಕ್ಕೆ ತಂದುದಲ್ಲದೆ, ೧೮೩೬ರಲ್ಲಿ ಸ್ವಹಸ್ತದಿಂದ ಶವಚ್ಛೇದನವನ್ನೂ ಮಾಡಿದರು. ಆ ಕಾಲದ ಒಬ್ಬ ಸಂಪ್ರದಾಯಸ್ಥ ವೈದ್ಯರಿಗೆ ಇದು ಸಾಮಾನ್ಯ ಧೈರ್ಯವಲ್ಲ. ಬಹುಕಾಲದ ತರುವಾಯ, ೧೯೧೩ರಲ್ಲಿ, ಗಣನಾಥ ಸೇನರು ಪ್ರತ್ಯಕ್ಷಶಾರೀರವೆಂಬ ಸಂಸ್ಕೃತಗ್ರಂಥವನ್ನು ಪ್ರಕಟಿಸಲಾರಂಭಿಸಿ, ಸ್ನಾಯುವನ್ನು ಸಂಧಿಬಂಧನಕ್ಕೂ ಪೇಶಿಯನ್ನು ಮಾಂಸಖಂಡಕ್ಕೂ ಮೀಸಲಿಟ್ಟರು. ಪ್ರಾಚೀನರಿಗೆ ಅತ್ಯಂತ ಸಮೀಪವಾದ ಏರ್ಪಾಡು ಇದೇ. ದೇಶಭಾಷೆಗಳಲ್ಲಿ ಅದು ನೆಲೆಗೊಳ್ಳಲಿಲ್ಲ. ಸೇನರ ಸ್ವಂತ ವಂಗಭಾಷೆಯಲ್ಲಿಯೂ ಸ್ನಾಯುವು ನರವಾಗಿಯೇ ನಿಂತಿತು. ಮರಾಠಿಯಲ್ಲಂತೂ ಪೇಶಿಯೆಂಬುದು ಜೀವಕೋಶಕ್ಕೆ ಹೋಯಿತು.

ಕನ್ನಡದ ಪಠ್ಯಪುಸ್ತಕಗಳವರು ರಕ್ತನಾಳಗಳ ವಿಷಯದಲ್ಲಿ ಜಾಣತನ ತೋರಿರುವರು. ಹೃದಯದಿಂದ ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಹಾರ್ವೆಯ ಸಿದ್ಧಾಂತವೆಲ್ಲ ಎರಡು ಉಪಸರ್ಗಗಳಲ್ಲಿ ಅಡಗಿದೆ. ಸಿರೆಯೆಂಬ ಸುಂದರವಾದ ಹಳೆಯ ಮಾತು ಇದರಿಂದ ಹಿಂದೆ ಬಿದ್ದುದಕ್ಕೆ ನನಗೆ ಸ್ವಲ್ಪ ವ್ಯಸನವುಂಟು.

ಹೊಸ ಅರ್ಥಗಳನ್ನು ಈಗ ಬದಲಾಯಿಸಬೇಕೆಂದು ನಾನು ಹೇಳುವುದಿಲ್ಲ; ಮಕ್ಕಳು ಕಲಿತ ಮಾತು ಹಾಗೆಯೇ ಇರಲಿ. ಆದರೆ ಪ್ರಾಚೀನ ಗ್ರಂಥಗಳನ್ನು ಕನ್ನಡಿಸುವವರು ಸ್ನಾಯುವಿದ್ದಲ್ಲಿ ಅಡಿಟಿಪ್ಪಣಿಯಿಲ್ಲದೆ ಮುಂದುವರಿಯಬಾರದು. ಹಾಗೆ ಮುಂದುವರಿದರೆ, ೯೦೦ ನರಗಳನ್ನು ಪ್ರಾಚೀನರು ಎಣಿಸಿದ್ದರೆಂದು ಒಬ್ಬನು ಹಿಗ್ಗುವನು. ಮಾಂಸಖಂಡಗಳನ್ನೇ ೫೦೦ ಎಂದು ಒಮ್ಮೆ, ೯೦೦ ಎಂದು ಇನ್ನೊಮ್ಮೆ ಎಣಿಸಿದರೆಂದು ಮತ್ತೊಬ್ಬನು ನಗುವನು. ಇಬ್ಬರೂ ಸುಶ್ರುತನನ್ನು ಓದಿದವರಲ್ಲ. ಎಲುಬು, ಪೇಶಿ, ಸಿರೆ, ಸಂಧಿಗಳು ಕೆಟ್ಟರೂ ಸ್ನಾಯು ಕೆಟ್ಟಷ್ಟು ಹಾನಿಯಿಲ್ಲವೆಂದೂ, ಒಳಗಿನ ಹೊರಗಿನ ಸ್ನಾಯುಗಳನ್ನು ಬಲ್ಲವನೇ ದೇಹದಲ್ಲಿ ಆಳವಾಗಿ ನೆಟ್ಟ ಶಲ್ಯವನ್ನು ಕೀಳಬಲ್ಲನೆಂದೂ ಅವನು ಹೇಳಿದ್ದು, ಬಾಣ ನಾಟಿದವನ ಬಳಿಯಲ್ಲಿ ಕುಳಿತು ಕೈಯಿಟ್ಟು ಕೆಲಸ ಮಾಡಬೇಕಾದ ಶಿಷ್ಯನಿಗೆ.