ಕಾವಲಿನ ಕರಡ, ಕಣದ ಬಣವೆ

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರು ಅಮೃತಮಹಲಿನ ಎತ್ತುಗಳನ್ನು ಮರೆತಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ, ಹೈದರಾಲಿಯ ತೋಪುಗಳನ್ನೆಳೆದ ಜೋಡಿಗಳು, ಟಿಪ್ಪು ಇಟ್ಟ ಹೊಸ ಹೆಸರು ಎಲ್ಲವೂ ಗ್ರಂಥಸ್ಥವಾಗಿವೆ. ಆದರೆ ಈ ದನಗಳು ಬೇಸಗೆಯನ್ನು ಹೇಗೆ ದಾಟಿದವು ಎಂದು ಕೇಳುವವರು ವಿರಳ. ಉತ್ತರವನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಲ್ಲಿ ಅರಸಬೇಕು.

ಸರ್ಕಾರವು ಹುಲ್ಲನ್ನು ನೆಲದ ಮೇಲೆಯೇ ಕಾಯ್ದಿಟ್ಟಿತು. ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಗೆಗಳಿಗೆಂದು ಬೇರ್ಪಡಿಸಿ, ಋತುವಿಗನುಸಾರವಾಗಿ ಮಂದೆಗಳನ್ನು ನಡೆಸಿಕೊಂಡು ಹೋಗಲಾಗುತ್ತಿತ್ತು. ನೀರು ನೆರಳುಗಳಿದ್ದ ಕಾವಲುಗಳಲ್ಲಿ ನಿಂತಲ್ಲೇ ಒಣಗಿದ ಕರಡವೇ ಬೇಸಗೆಯ ಮೇವು.

ರೈತನಿಗೆ ಅಷ್ಟು ನೆಲವೆಲ್ಲಿತ್ತು? ಅವನು ಒಟ್ಟಿಟ್ಟನು. ಕೊಯ್ದ ರಾಗಿಯನ್ನು ಅರಿಯರಿಯಾಗಿ ಹೊಲದಲ್ಲೇ ಹರವಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಕಂತೆ ಕಟ್ಟಿ ಕಣಕ್ಕೆ ತರುತ್ತಿದ್ದನು. ತೆನೆ ಒಳಕ್ಕೆ, ಬುಡ ಹೊರಕ್ಕೆ ಬರುವಂತೆ ಒಟ್ಟಿದರೆ ಅದು ಮೆದೆ. ರೋಣಗಲ್ಲು ಉರುಳಿಸಿ ಕಾಳು ಬಿಡಿಸಿದ ಮೇಲೆ ಉಳಿದ ಹುಲ್ಲನ್ನು ಒಟ್ಟಿದರೆ ಬಣವೆ. ಪಟ್ಟಣದವರು ಎರಡನ್ನೂ ಒಂದೇ ಎನ್ನುತ್ತಾರೆ, ರೈತನ ಮನೆಯಲ್ಲಿ ಹಾಗೆಂದರೆ ನಗುತ್ತಾರೆ. ಬಣವೆ ಎಂಬುದರ ಹಳಗನ್ನಡ ರೂಪ ಬಣಂಬೆ. ರಣರಂಗದ ಹೆಣಗಳ ರಾಶಿಗೂ ನಮ್ಮ ಪ್ರಾಚೀನ ಕವಿಗಳು ಈ ಪದವನ್ನೇ ಬಳಸಿದರು. ಹೊಲದ ಉಪಮಾನವು ಯುದ್ಧಕ್ಕೆ ಹೋದದ್ದು ಹೀಗೆ.

ಒಟ್ಟುವ ಕ್ರಮದಲ್ಲಿ ಲೆಕ್ಕಾಚಾರವಿದೆ. ತೇವವೂ ಗೆದ್ದಲೂ ಏರದಂತೆ ತಳಕ್ಕೆ ಕಲ್ಲನ್ನೋ ಒಣಕಟ್ಟಿಗೆಯನ್ನೋ ಹಾಸಬೇಕು. ಪ್ರತಿ ಸುತ್ತಿನಲ್ಲೂ ನಡುವನ್ನು ಅಂಚಿಗಿಂತ ಎತ್ತರಿಸುತ್ತ, ತುಳಿದು ಬಿಗಿಗೊಳಿಸುತ್ತ ಹೋಗಬೇಕು. ಆಗ ಹುಲ್ಲಿನ ಎಳೆಗಳು ಹೊರಕ್ಕೆ ಇಳಿಜಾರಾಗಿ, ಬಿದ್ದ ಮಳೆ ಒಳಸೇರದೆ ಜಾರುತ್ತದೆ. ನಡು ತಗ್ಗಿದರೆ ಒಂದೇ ಅಕಾಲಮಳೆಗೆ ಒಳಗೆಲ್ಲ ಬೂಷ್ಟು. ಹಸಿ ಆರದ ಹುಲ್ಲನ್ನು ಅವಸರದಿಂದ ಒಟ್ಟಿದರೆ ಒಳಗೆ ಕಾವೇರಿ ಹುಲ್ಲು ಕಪ್ಪಾಗುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುವುದೂ ಉಂಟು. ಮೇವನ್ನು ಒಂದು ಮಗ್ಗುಲಿನಿಂದಲೇ ಹಿರಿಯಬೇಕು, ನೆತ್ತಿಯನ್ನು ಕೆದಕಬಾರದು. ತರೀಕೆರೆಯ ಮಲೆನಾಡಿನ ಅಂಚಿನಲ್ಲಿ, ಮಳೆ ಹೆಚ್ಚಾದಂತೆ ನೆತ್ತಿಯ ಹೊದಿಕೆಯ ಕಾಳಜಿಯೂ ಹೆಚ್ಚುತ್ತದೆ.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಮೈಸೂರು ಸೀಮೆಯ ಜನ ಜಾನುವಾರುಗಳು ಅಪಾರವಾಗಿ ಅಳಿದವು. ಬಣವೆ ತಡೆಯಬಲ್ಲುದು ಒಂದು ಬೇಸಗೆಯನ್ನು. ಮೇಲಿಂದ ಮೇಲೆ ಮಳೆ ತಪ್ಪಿದಾಗ ಒಟ್ಟುವುದಕ್ಕೇ ಹುಲ್ಲಿಲ್ಲ.

1929ರಲ್ಲಿ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ಕಾವಲುಗಳು ಮಾತ್ರ ಒತ್ತುವರಿಗೂ ಪರಭಾರೆಗೂ ಸಿಕ್ಕಿ ಕರಗುತ್ತ ಬಂದವು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಇಂದಿಗೂ ನಿಂತಲ್ಲೇ ಒಣಗುವ ಹುಲ್ಲಿದೆ, ಕೃಷ್ಣಮೃಗಗಳಿವೆ. ನೆಲವನ್ನು ನಂಬಿದ ಸರ್ಕಾರದ ಪದ್ಧತಿ ನೆಲದೊಡನೆಯೇ ಕುಗ್ಗಿತು. ರೈತನ ಬಣವೆ ಇನ್ನೂ ಹಿತ್ತಿಲಲ್ಲಿದೆ. ಈಚೆಗೆ ಅದರ ಮೇಲೆ ನೀಲಿ ಟಾರ್ಪಾಲು ಕಾಣಿಸುತ್ತದೆ. ನಡು ಎತ್ತರಿಸಿ ಒಟ್ಟಿದ ಬಣವೆಗೆ ಹಿಂದೆ ಅದರ ಅಗತ್ಯವಿರಲಿಲ್ಲ.